ಮರು: ‘ಜೆಂಡರ್ ಐಡೆಂಟಿಟಿ’, ‘ಸೆಕ್ಷುಯಲ್ ಓರಿಯಂಟೇಶನ್’: ಆರೋಗ್ಯ ಸಮೀಕ್ಷೆಯ ಪ್ರಶ್ನಾವಳಿಗೆ ಕನ್ನಡ ಪದಗಳು ಬೇಕು

ಮಾನ್ಯರೆ,

ಸೋಮವಾರ ಅಚ್ಚಿಗೆ ಹೋಗಲಿರುವ ಪ್ರಶ್ನಾವಳಿಗೆ ಎರಡು ಪದ ಬೇಕೆಂದು ಕೇಳಿದವರಿಗೆ ನಮ್ಮ ಈ ಪತ್ರಬಳಗದಲ್ಲಿ ಹತ್ತಾರು ಪದಗಳು ಬಂದಿವೆ. ಅವುಗಳಲ್ಲಿ ಬಹುಪಾಲು, ಉತ್ತರ ಕೊಡಬೇಕಾದ ಜನ ತಮ್ಮ ಜೀವಮಾನದಲ್ಲಿ ಕೇಳಿರದಂಥವು. ಕೇಳಿದವರ ಅವಸರ ನನಗೆ ಗೊತ್ತಿರುವುದರಿಂದ ಉತ್ತರವನ್ನು ಮೊದಲು ಹೇಳಿ, ತಕರಾರುಗಳಿಗೆ ಆಮೇಲೆ ಬರುತ್ತೇನೆ. ಮೊದಲನೆಯದಕ್ಕೆ ‘ಲಿಂಗತ್ವ ಗುರುತು’ ಎಂದೂ ಎರಡನೆಯದಕ್ಕೆ ‘ಲೈಂಗಿಕ ಒಲವು’ ಎಂದೂ ಹಾಕಿಕೊಳ್ಳಿ. ಇವು ಶೀರ್ಷಿಕೆಗೆ ಮಾತ್ರ ಸಾಕು. ಕೆಳಗಿನ ಆಯ್ಕೆಗಳನ್ನು ಹೇಗೆ ಬರೆಯುತ್ತೀರಿ ಎಂಬುದೇ ನಿಜವಾದ ತೊಡಕು, ಅದರ ಬಗ್ಗೆ ಇಲ್ಲಿ ಯಾರೂ ಮಾತೆತ್ತಿಲ್ಲ.

ಲಿಂಗ, ಲಿಂಗತ್ವ, ಲೈಂಗಿಕ ಎಂಬ ಮೂರೂ ಒಂದೇ ಮೂಲದವಾದ್ದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದೆಂದು ಹಲವರು ನಂಬಿದಂತಿದೆ. ಹಾಗೆ ಇಡಲಾಗದು. ಮಗು ಹುಟ್ಟಿದಾಗ ದೇಹವನ್ನು ನೋಡಿ ಜನನ ದಾಖಲೆಯಲ್ಲಿ ಬರೆದದ್ದು ಲಿಂಗ. ತಾನು ಹೆಣ್ಣೋ, ಗಂಡೋ, ಎರಡರಲ್ಲಿ ಯಾವುದೂ ಅಲ್ಲವೋ ಎಂದು ಒಬ್ಬರು ತಮ್ಮನ್ನು ತಾವು ಅರಿತು ಬಾಳುವ ಬಗೆ ಲಿಂಗತ್ವ. ಅವರ ಮನಸ್ಸು ಯಾರ ಕಡೆ ಸೆಳೆಯುತ್ತದೆ ಎಂಬುದು ಇವೆರಡರಿಂದಲೂ ಬೇರೆಯಾದ ಸಂಗತಿ, ‘ಲೈಂಗಿಕ’ ಎಂಬ ವಿಶೇಷಣ ಸಲ್ಲುವುದು ಅದಕ್ಕೆ ಮಾತ್ರ. ಕನ್ನಡದಲ್ಲಿ ಲೈಂಗಿಕ ಎಂದೊಡನೆ ಕಾಮಕ್ಕೆ ಸಂಬಂಧಿಸಿದ್ದು ಎಂಬ ಅರ್ಥವೇ ಮುಂದೆ ಬಂದು ನಿಲ್ಲುತ್ತದೆ. ಲೈಂಗಿಕ ಕಿರುಕುಳ, ಲೈಂಗಿಕ ಶಿಕ್ಷಣ ಎಂಬ ಬಳಕೆಗಳನ್ನು ನೆನೆಯಿರಿ. ಹಿಂದಿಯಲ್ಲಿ ಆ ಕೆಲಸಕ್ಕೆ ‘ಯೌನ್’ ಎಂಬ ಬೇರೆ ಪದವಿರುವುದರಿಂದ ‘ಲೈಂಗಿಕ್’ ಅಲ್ಲಿ ಹೆಣ್ಣು ಗಂಡೆಂಬ ಭೇದಕ್ಕೆ ಸಲ್ಲುತ್ತದೆ. ‘ಲೈಂಗಿಕ್ ಸಮಾನತಾ’ ಎಂದರೆ ಅವರಿಗೆ ಹೆಣ್ಣು ಗಂಡುಗಳ ಸಮಾನತೆ. ಅದನ್ನು ಎತ್ತಿಕೊಂಡು ‘ಲೈಂಗಿಕ ಸಮಾನತೆ’ ಎಂದು ಕನ್ನಡದ ಫಲಕದಲ್ಲಿ ಬರೆದರೆ ಓದಿದವರು ಮುಸಿಮುಸಿ ನಗುತ್ತಾರೆ, ಆ ನಗೆಗೆ ಕಾರಣ ಓದುಗರ ಅಸಭ್ಯತೆಯಲ್ಲ. ‘ಭಾರತೀಯ ಭಾಷೆಗಳಲ್ಲಿ ಏಕರೂಪದ ಪರಿಭಾಷೆ ಇರಬೇಕು’ ಎಂದು ಆದೇಶದ ಧಾಟಿಯಲ್ಲಿ ಬರೆದ ಸದಸ್ಯರು ಹುಟ್ಟಿನ ದಾಖಲೆಯ ಲಿಂಗಕ್ಕೆ ಹೊಂದದ ಲಿಂಗತ್ವದಲ್ಲಿ ಬಾಳುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಗೆ ಬಂದ 2019ರ ಕೇಂದ್ರ ಕಾಯ್ದೆಯ ಹಿಂದಿ ಹೆಸರನ್ನು ದಯವಿಟ್ಟು ನೋಡಬೇಕು. ಅದರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ‘ಉಭಯಲಿಂಗೀ’ ಎಂದಿದೆ. ಕನ್ನಡದಲ್ಲಿ ಆ ಪದವನ್ನು ಕೇಳಿದವರು ಏನೆಂದುಕೊಳ್ಳುತ್ತಾರೆ ಎಂಬುದನ್ನು ಮುಂದೆ ದಾಸವಾಳ ಹೂವಿನ ಪ್ರಸ್ತಾಪ ಬಂದಾಗ ಹೇಳುತ್ತೇನೆ.

‘ಲಿಂಗತ್ವ’ ವ್ಯಾಕರಣಕ್ಕೆ ವಿರುದ್ಧವೆಂಬ ಆಕ್ಷೇಪ ಬಂದಿದೆ. ‘ತ್ವ’ ಭಾವಾರ್ಥದ ಪ್ರತ್ಯಯವಾದ್ದರಿಂದ ಪುರುಷತ್ವ ಎಂದರೆ ಪುರುಷನಾಗಿರುವಿಕೆ, ಅದರಂತೆ ಲಿಂಗತ್ವ ಎಂದರೆ ಲಿಂಗವಾಗಿರುವಿಕೆಯೇ ಹೊರತು ಲಿಂಗವುಳ್ಳವರ ಭಾವವಲ್ಲ ಎಂಬ ವಾದ ಯೋಗಾರ್ಥದ, ಎಂದರೆ ಪದದ ಬಿಡಿಭಾಗಗಳಿಂದ ಹೊರಡುವ ಅರ್ಥದ, ಮಟ್ಟಿಗೆ ಸರಿ. ಆದರೆ ಯೋಗಾರ್ಥವನ್ನೇ ಹಿಡಿದು ಕೂತರೆ ನಾಳೆಯಿಂದ ನಾವು ಯಾವ ಪದವನ್ನೂ ಬಳಸುವಂತಿಲ್ಲ. ಪತ್ರಿಕೆಗಳು, ವಿಶ್ವವಿದ್ಯಾಲಯಗಳ ಪಾಠಗಳು, ಸರ್ಕಾರದ ಪ್ರಕಟಣೆಗಳು ಮೂರರಲ್ಲೂ ಈ ಪದ ಇದೇ ಅರ್ಥದಲ್ಲಿ ರೂಢವಾಗಿದೆ. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಮಾತು ಬರುವ ಮೊದಲು ಎಲ್ಲರನ್ನೂ ‘ಲೈಂಗಿಕ ಅಲ್ಪಸಂಖ್ಯಾತರು’ ಎಂದೇ ಕರೆಯಲಾಗುತ್ತಿತ್ತು. ತಾನು ಹೆಣ್ಣೆಂದು ಹೇಳಿಕೊಂಡವಳ ಬಾಳನ್ನೆಲ್ಲ ಅವಳ ಹಾಸಿಗೆಯ ವಿಷಯವನ್ನಾಗಿ ಮಾಡಿದ್ದ ಆ ಹೆಸರಿನಿಂದ ಈಚೆಗೆ ಬರಲು ನೆರವಾದದ್ದು ಇದೇ ‘ತ್ವ’. ಅದನ್ನು ಕಿತ್ತುಹಾಕಲು ಹೊರಟವರು ಅದರ ಬದಲು ಏನಿಡುತ್ತಾರೆಂದು ಹೇಳಿಲ್ಲ.

‘ಗುರುತು’ ತೀರ ಸಾಮಾನ್ಯವಾಯಿತು, ‘ಅಸ್ಮಿತೆ’ ಇರಲಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಪತಂಜಲಿಯ ಯೋಗಸೂತ್ರದಲ್ಲಿ ಅಸ್ಮಿತೆ ಪಂಚಕ್ಲೇಶಗಳಲ್ಲಿ ಒಂದು, ತೊಡೆದುಹಾಕಬೇಕಾದ್ದು; ಸಾಹಿತ್ಯ ವಿಮರ್ಶೆಯಲ್ಲಿ ಅದು ಗೌರವ ಗಳಿಸಿರಬಹುದು, ಆಸ್ಪತ್ರೆಯ ಕೌಂಟರಿನಲ್ಲಿ ಅದಕ್ಕೆ ಕೆಲಸವಿಲ್ಲ. ಗುರುತಿನ ಚೀಟಿ ಎಲ್ಲರ ಕಿಸೆಯಲ್ಲೂ ಇದೆ. ಮೇಲಾಗಿ 2019ರ ಕಾಯ್ದೆಯ ಪ್ರಕಾರ ಜಿಲ್ಲಾ ದಂಡಾಧಿಕಾರಿಗಳು ಕೊಡುವುದೂ ಗುರುತಿನ ಪ್ರಮಾಣಪತ್ರವೇ.

ಇನ್ನು ಒಲವು. ಇದಕ್ಕೆ ಪರ್ಯಾಯವಾಗಿ ಬಂದ ‘ಅಭಿವಿನ್ಯಾಸ’ ಹಿಂದಿಯ ಸರಕಾರಿ ಪದ, ಕನ್ನಡದಲ್ಲಿ ವಿನ್ಯಾಸವೆಂದರೆ ಸೀರೆಯ ಅಂಚಿಗೂ ಮನೆಯ ನಕ್ಷೆಗೂ ಹೇಳುವ ಮಾತು. ‘ಅಭಿಮುಖತೆ’ ತಪ್ಪಲ್ಲ, ಆದರೆ ನಿರ್ಜೀವ. ಯಂತ್ರಾನುವಾದದಿಂದ ಬಂದಿರುವ ‘ಲೈಂಗಿಕ ದೃಷ್ಟಿಕೋನ’ ಮಾತ್ರ ಶುದ್ಧ ಅನರ್ಥ. ಒಂದು ಸಮೀಕ್ಷೆಯ ಕರಡಿನಲ್ಲಿ ಇದನ್ನು ಕಂಡೆ. ಮನೆಯ ಜಗಲಿಯ ಮೇಲೆ ಕುಳಿತು ಅದನ್ನು ಗಟ್ಟಿಯಾಗಿ ಓದಿದ ಆಶಾ ಕಾರ್ಯಕರ್ತೆ, ಎದುರಿಗಿದ್ದ ಮಧ್ಯವಯಸ್ಸಿನ ಹೆಂಗಸಿಗೆ ತಾವೇ ಅರ್ಥ ಬಿಡಿಸಿ, ‘ಇಂಥಾ ವಿಷಯದಾಗ ನಿಮ್ಮ ಅಭಿಪ್ರಾಯ ಏನ್ರಿ ಅಂತ’ ಎಂದರು. ಆ ಹೆಂಗಸು ‘ನಮಗ್ಯಾಕವ್ವಾ ಅದೆಲ್ಲ’ ಎಂದರು, ಕಾರ್ಯಕರ್ತೆ ಅದನ್ನೇ ಬರೆದುಕೊಂಡರು. ದೃಷ್ಟಿಕೋನ ಕೇಳಿದರೆ ಅಭಿಪ್ರಾಯವೇ ಬರುತ್ತದೆ, ಅದರಲ್ಲಿ ಇಬ್ಬರದೂ ತಪ್ಪಿರಲಿಲ್ಲ. ಒಲವು ಎಂಬುದು ಪ್ರೀತಿಯೂ ಹೌದು, ಒಂದು ಕಡೆಗೆ ವಾಲುವುದೂ ಹೌದು. ಎರಡರ್ಥವೂ ಇಲ್ಲಿ ಕೆಲಸಕ್ಕೆ ಬರುತ್ತವೆ. ಸಂಸ್ಕೃತ ವಿಶೇಷಣಕ್ಕೆ ದೇಸಿ ನಾಮಪದ ಸೇರಿಸಿದರೆ ಸಲ್ಲದ ಬೆಸುಗೆ, ಎಂದರೆ ಅರಿಸಮಾಸ, ಆಗುತ್ತದೆ ಎಂದವರಿಗೆ ಹೇಳುವುದಿಷ್ಟೇ: ಇದು ಸಮಾಸವೇ ಅಲ್ಲ, ಬಿಡಿಬಿಡಿಯಾದ ಎರಡು ಪದ.

ಒಲವನ್ನು ಒಪ್ಪಿದ ಮಾತ್ರಕ್ಕೆ ನನ್ನನ್ನು ತಮ್ಮ ಪಾಳೆಯಕ್ಕೆ ಸೇರಿಸಿಕೊಂಡಿರುವ ಅಚ್ಚಗನ್ನಡದ ಮಿತ್ರರಿಗೂ ಒಂದು ಮಾತು. ‘ಗಂಡ್ತನ-ಹೆಣ್ತನದರಿವು’ ಎಂದು ನೀವು ಕಟ್ಟಿದ ಪದ ಕಿವಿಗೆ ಇಂಪಾಗಿದೆ, ಆದರೆ ಕನ್ನಡದಲ್ಲಿ ಗಂಡುತನವೆಂದರೆ ಕೆಚ್ಚು. ಹೆಣ್ತನವೆಂದರೆ ನಡೆನುಡಿಯ ಒಂದು ರೀತಿ. ಕೆಚ್ಚುಳ್ಳ ಹೆಣ್ಣೂ ಮೆತ್ತಗಿನ ಗಂಡೂ ತಮ್ಮ ಲಿಂಗತ್ವದ ಬಗ್ಗೆ ಯಾವ ಅನುಮಾನವೂ ಇಲ್ಲದೆ ಬದುಕುತ್ತಿರುವಾಗ ಆ ಪದ ಬೇರೊಂದನ್ನೇ ಅಳೆಯುತ್ತದೆ. ಮೇಲಾಗಿ ಎರಡರಲ್ಲೂ ನಿಲ್ಲದವರನ್ನು ಅದು ಹೆಸರಿನಲ್ಲೇ ಹೊರಗಿಟ್ಟಿದೆ.

ಈಗ ಆಯ್ಕೆಗಳು. ‘ಲಿಂಗ: ಗಂಡು, ಹೆಣ್ಣು, ಇತರೆ’ ಎಂಬ ಸಾಲನ್ನು ನಾವೆಲ್ಲ ನೋಡಿದ್ದೇವೆ. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಬಂದ ಆ ‘ಇತರೆ’ಯಡಿ ಕರ್ನಾಟಕದಲ್ಲಿ ದಾಖಲಾದವರು 20,266 ಮಂದಿ. ನಾನು ಇತರೆ ಎಂದು ಹೇಳಿಕೊಳ್ಳಲು ಮುಂದೆ ಬಂದವರು ಅಷ್ಟೇ ಎಂದು ಅದನ್ನು ಓದಬೇಕೇ ಹೊರತು ಇರುವವರೇ ಅಷ್ಟು ಎಂದಲ್ಲ. ಅದರ ಬದಲು ‘ತೃತೀಯ ಲಿಂಗಿ’ ಎಂದಿಡಿ ಎನ್ನುವವರು ಸುಪ್ರೀಂ ಕೋರ್ಟಿನ 2014ರ ಏಪ್ರಿಲ್ ತೀರ್ಪನ್ನು ಉಲ್ಲೇಖಿಸಿದ್ದಾರೆ. ಆ ತೀರ್ಪು ಮೂರನೆಯ ಲಿಂಗವನ್ನು ಮಾನ್ಯ ಮಾಡಿದ್ದು ನಿಜ, ಆದರೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ತಮ್ಮನ್ನು ಹೆಣ್ಣೆಂದೋ ಗಂಡೆಂದೋ ಮೂರನೆಯವರೆಂದೋ ತಾವೇ ನಿರ್ಧರಿಸಿಕೊಳ್ಳಬಹುದು ಎಂದೂ ಹೇಳಿತು. ತಾನು ಹೆಣ್ಣೆಂದವಳನ್ನು ಮೂರನೆಯವಳೆಂದು ಬರೆದುಕೊಳ್ಳುವುದು ಆ ತೀರ್ಪಿಗೇ ವಿರುದ್ಧ. ‘ತೃತೀಯಾ ಪ್ರಕೃತಿ’ ಎಂಬ ಕಾಮಶಾಸ್ತ್ರದ ಪ್ರಯೋಗವನ್ನು ಹುಡುಕಿ ತಂದವರ ಪಾಂಡಿತ್ಯಕ್ಕೆ ನಮಸ್ಕಾರ. ಮೊದಲನೆಯ ಮತ್ತು ಎರಡನೆಯ ಸ್ಥಾನಗಳನ್ನು ಯಾರಿಗೆ ಯಾರು ಹಂಚಿದರೆಂಬ ಪ್ರಶ್ನೆ ಅದರಿಂದಲೂ ತಪ್ಪುವುದಿಲ್ಲ.

‘ಲಿಂಗ ಪರಿವರ್ತಿತರು’ ಬೇಡವೇ ಬೇಡ. ಶಸ್ತ್ರಚಿಕಿತ್ಸೆ ಆಗಿದೆ ಎಂದು ಅದು ಸಾರುತ್ತದೆ. ಶಸ್ತ್ರಚಿಕಿತ್ಸೆಯನ್ನು ಷರತ್ತಾಗಿಸುವುದು ತಪ್ಪೆಂದು 2014ರ ತೀರ್ಪೇ ಹೇಳಿತು, 2019ರಲ್ಲಿ ಬಂದಾಗ ಕಾಯ್ದೆಯ ವ್ಯಾಖ್ಯೆಯಲ್ಲೂ ಚಿಕಿತ್ಸೆ ಆಗಿರಲಿ ಬಿಡಲಿ ಎಂದೇ ಇತ್ತು. ‘ಮಂಗಳಮುಖಿ’ಯನ್ನು ಪತ್ರಿಕೆಗಳು ಮರ್ಯಾದೆಯ ಪದವೆಂದು ಬಳಸುತ್ತವೆ, ಕೆಲವರು ಒಪ್ಪುತ್ತಾರೆ, ಕೆಲವರಿಗೆ ಅದು ಅಂಗಡಿಯ ಮುಂದೆ ಚಪ್ಪಾಳೆ ತಟ್ಟುವ ಚಿತ್ರವನ್ನಷ್ಟೇ ತರುತ್ತದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಹುಟ್ಟಿನಲ್ಲಿ ಹೆಣ್ಣೆಂದು ಬರೆಸಿಕೊಂಡು ಗಂಡಾಗಿ ಬಾಳುತ್ತಿರುವವನಿಗೆ ಅದರಲ್ಲಿ ಜಾಗವೇ ಇಲ್ಲ. 2021ರಲ್ಲಿ ರಾಜ್ಯ ಸರ್ಕಾರ ನೇಮಕಾತಿ ನಿಯಮಗಳನ್ನು ತಿದ್ದಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇಕಡಾ 1ರ ಮೀಸಲಾತಿ ಕೊಟ್ಟಿತು. ಅರ್ಜಿಯಲ್ಲಿ ಮಂಗಳಮುಖಿ ಎಂದಷ್ಟೇ ಅಚ್ಚಾಗಿದ್ದರೆ ಅವನು ಯಾವ ಚೌಕಕ್ಕೆ ಗುರುತು ಹಾಕಬೇಕು?

ನಿಮ್ಮ ಸಮೀಕ್ಷೆ ಬಳ್ಳಾರಿ, ಕೊಪ್ಪಳದ ಕಡೆ ನಡೆಯುವುದರಿಂದ ‘ಜೋಗಪ್ಪ’ ಎಂಬ ಆಯ್ಕೆ ಬೇರೆಯಾಗಿಯೇ ಇರಲಿ. ಅದನ್ನು ಟ್ರಾನ್ಸ್ ಮಹಿಳೆ ಎಂಬುದರ ಹಳ್ಳಿಯ ರೂಪವೆಂದು ಭಾವಿಸಿ ಒಂದೇ ಚೌಕದಲ್ಲಿ ತುರುಕಬೇಡಿ. ಎಲ್ಲಮ್ಮನ ಹೆಸರಲ್ಲಿ ದೀಕ್ಷೆಯ ಮುತ್ತು ಕಟ್ಟಿಸಿಕೊಂಡು, ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆ ವಾದ್ಯದೊಂದಿಗೆ ಹಾಡುವ ಜೋಗಪ್ಪನಿಗೆ ಅದು ದೇವಿ ಕೊಟ್ಟ ಪಟ್ಟ. ಬೆಂಗಳೂರಿನ ಹಮಾಮು ಎಂಬ ಸ್ನಾನದ ಮನೆಗಳ ಹಿಜ್ರಾ ಪರಂಪರೆಯ ಗುರು-ಚೇಲಾ (ಗುರು-ಶಿಷ್ಯ) ಕಟ್ಟಳೆ ಬೇರೆ, ಇವರದು ಬೇರೆ. ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ ಪದ್ಮಶ್ರೀ ಪಡೆದ ಮೇಲೂ ಅವರ ಹೆಸರಿನಲ್ಲಿ ಉಳಿದಿರುವುದು ‘ಜೋಗತಿ’ಯೇ.

‘ನಪುಂಸಕ’ ಪದವನ್ನು ವ್ಯಾಕರಣದ ಬಲದಿಂದ ಸಮರ್ಥಿಸಿದ ಹಿರಿಯರಿಗೆ ವ್ಯಾಕರಣದಿಂದಲೇ ಉತ್ತರವಿದೆ. ಕನ್ನಡದ ಲಿಂಗವ್ಯವಸ್ಥೆ ಅರ್ಥವನ್ನು ಅನುಸರಿಸಿದ್ದು. ಮನುಷ್ಯರಲ್ಲಿ ಗಂಡು ಪುಲ್ಲಿಂಗ, ಹೆಣ್ಣು ಸ್ತ್ರೀಲಿಂಗ, ಉಳಿದದ್ದೆಲ್ಲ ನಪುಂಸಕಲಿಂಗ ಎಂಬುದು ವ್ಯಾಕರಣಕಾರ ಕೇಶಿರಾಜನ ಕಾಲದಿಂದ ನಾವು ಕಲಿತದ್ದು. ಕಲ್ಲು, ಮರ, ಎಮ್ಮೆಗಳ ಸಾಲಿಗೆ ಒಬ್ಬ ಮನುಷ್ಯರನ್ನು ಸೇರಿಸಿದರೆ ಮುಂದಿನ ಸರ್ವನಾಮ ‘ಅದು’. ಬೀದಿಯಲ್ಲಿ ಅವರನ್ನು ಹಾಗೆ ಕರೆಯುವವರಿಗೆ ಶಾಸ್ತ್ರದ ಆಧಾರ ಒದಗಿಸುವುದು ನಮ್ಮ ಕೆಲಸವಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ ಸೇರಿಸಿದ 36ಎ ಕಲಮು ಇಂಥದೇ ಅರ್ಥದ ಇಂಗ್ಲಿಷ್ ಪದವನ್ನು ಬಳಸಿತ್ತು, ಪ್ರಶ್ನೆ ಹೈಕೋರ್ಟಿಗೆ ಹೋದ ಮೇಲೆ ಆ ಪದವನ್ನು ತೆಗೆಯಬೇಕಾಯಿತು. ಇದೇ ವ್ಯಾಕರಣ ನಮಗೆ ಒಂದು ದಾರಿಯನ್ನೂ ಕೊಟ್ಟಿದೆ: ‘ಅವರು’ ಎಂಬುದರಲ್ಲಿ ಹೆಣ್ಣು ಗಂಡು ಭೇದವಿಲ್ಲ, ಮರ್ಯಾದೆಯಿದೆ, ಏಕವಚನಕ್ಕೂ ಸಲ್ಲುತ್ತದೆ. ಪ್ರಶ್ನಾವಳಿಯಲ್ಲಿ ‘ಉತ್ತರಿಸಿದವನು/ಳು’ ಎಂಬ ಓರೆಗೆರೆಗಳನ್ನೆಲ್ಲ ತೆಗೆದು ‘ಉತ್ತರಿಸಿದವರು’ ಎಂದು ಮಾಡಿಕೊಳ್ಳಿ.

ಒಲವಿನ ಪ್ರಶ್ನೆಯ ಆಯ್ಕೆಗಳಲ್ಲಿ ನಾಮಪದಗಳೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಸಲಿಂಗಕಾಮಿ’ಯಲ್ಲಿನ ಕಾಮಿ ಕನ್ನಡದ ಕಿವಿಗೆ ಲಂಪಟನೇ. ಸಲಿಂಗವೆಂದರೆ ‘ಲಿಂಗಸಹಿತ’ ಎಂದಾಗುತ್ತದೆ ಎಂಬ ತಕರಾರಿಗೆ ನಾನು ಹೆಚ್ಚು ಹೇಳುವುದಿಲ್ಲ. ‘ಸ’ ಎಂಬುದು ಸಗೋತ್ರದಲ್ಲಿ ‘ಒಂದೇ’ ಎಂದೂ ಸಕುಟುಂಬದಲ್ಲಿ ‘ಸಹಿತ’ ಎಂದೂ ಆಗುವ ವ್ಯತ್ಯಾಸ ಈ ಬಳಗದಲ್ಲಿ ಎಲ್ಲರಿಗೂ ಗೊತ್ತಿರಬೇಕು. ‘ದ್ವಿಲಿಂಗಿ’ ಅಥವಾ ‘ಉಭಯಲಿಂಗಿ’ ಎಂದರೆ ಶಾಲೆಗೆ ಹೋದವರಿಗೆ ನೆನಪಾಗುವುದು ಒಂದೇ ಹೂವಿನಲ್ಲಿ ಕೇಸರವೂ ಶಲಾಕೆಯೂ ಇರುವ ದಾಸವಾಳ. ‘ಅಲೈಂಗಿಕ’ ಎಂದರೆ ಅಮೀಬಾದ ಸಂತಾನೋತ್ಪತ್ತಿ. ಜೀವಶಾಸ್ತ್ರದವರು ಮೊದಲೇ ಹಿಡಿದಿಟ್ಟ ಈ ಪದಗಳನ್ನು ಮನುಷ್ಯರ ಮೇಲೆ ಹೊರಿಸಿದರೆ, ಹೆಣ್ಣು ಗಂಡು ಇಬ್ಬರನ್ನೂ ಪ್ರೀತಿಸಬಲ್ಲವರ ದೇಹದಲ್ಲೇ ಎರಡು ಅಂಗಗಳಿವೆ ಎಂದು ಕೇಳುವವರು ತಿಳಿಯುತ್ತಾರೆ. ಪ್ರಶ್ನೆಯನ್ನು ‘ನಿಮಗೆ ಯಾರ ಕಡೆ ಸೆಳೆತ?’ ಎಂದು ಕೇಳಿ, ಕೆಳಗೆ ‘ಹೆಂಗಸರ ಕಡೆ’, ‘ಗಂಡಸರ ಕಡೆ’, ‘ಇಬ್ಬರ ಕಡೆಗೂ’, ‘ಬೇರೆ ರೀತಿ’, ‘ಯಾರ ಕಡೆಗೂ ಇಲ್ಲ’, ‘ಹೇಳಲು ಇಷ್ಟವಿಲ್ಲ’ ಎಂದಿಡಿ. ಗಣಕಕ್ಕೆ ಬೇಕಾದ ಸಂಕೇತಗಳನ್ನು ನೀವು ಆಮೇಲೆ ಹಾಕಿಕೊಳ್ಳಬಹುದು.

ಗುರುತಿನ ಪ್ರಶ್ನೆಗೆ ‘ನೀವು ನಿಮ್ಮನ್ನು ಏನೆಂದು ಗುರುತಿಸಿಕೊಳ್ಳುತ್ತೀರಿ?’ ಎಂದು ಕೇಳಿ, ಮಹಿಳೆ, ಪುರುಷ, ಟ್ರಾನ್ಸ್ ಮಹಿಳೆ, ಟ್ರಾನ್ಸ್ ಪುರುಷ, ಜೋಗಪ್ಪ, ಹಿಜ್ರಾ ಎಂಬುವನ್ನೂ, ಅವರ ಮಾತಿನಲ್ಲೇ ಬರೆದುಕೊಳ್ಳಲು ಒಂದು ಖಾಲಿ ಗೆರೆಯನ್ನೂ, ಹೇಳಲು ಇಷ್ಟವಿಲ್ಲ ಎಂಬುದನ್ನೂ ಕೊಡಿ. ಹುಟ್ಟಿನ ದಾಖಲೆಯ ಲಿಂಗವನ್ನು ಚಿಕಿತ್ಸೆಯ ಕಾರಣಕ್ಕೆ ಕೇಳಲೇಬೇಕಿದ್ದರೆ ಬೇರೆ ಪ್ರಶ್ನೆಯಾಗಿ ಕೇಳಿ.

‘ಟ್ರಾನ್ಸ್’ ಎಂಬುದನ್ನು ಇಂಗ್ಲಿಷಿನಿಂದ ತಂದದ್ದಕ್ಕೆ ಕೋಪಗೊಳ್ಳುವವರು ಅರಬ್ಬಿ, ಪಾರಸಿಗಳಿಂದ ಬಂದ ಅರ್ಜಿ, ನಮೂನೆ, ದಾಖಲೆ, ಜಿಲ್ಲೆ ಎಂಬ ಪದಗಳೊಂದಿಗೆ ದಿನವೂ ಸಂಸಾರ ಮಾಡುತ್ತಿರುವುದರಿಂದ ನನಗೆ ಆ ಕೋಪದ ಬಗ್ಗೆ ಚಿಂತೆಯಿಲ್ಲ. ತಮಿಳರ ‘ತಿರುನಂಗೈ’ (ಟ್ರಾನ್ಸ್ ಮಹಿಳೆ), ‘ತಿರುನಂಬಿ’ (ಟ್ರಾನ್ಸ್ ಪುರುಷ) ಪದಗಳ ಮಾದರಿಯಲ್ಲಿ ಹೊಸದನ್ನು ಕಟ್ಟೋಣ ಎಂಬ ಸಲಹೆಯಲ್ಲಿ ತಿರುಳಿದೆ, ಆದರೆ ಆ ಪದಗಳು ನಿಂತದ್ದು ಸಮುದಾಯದವರು ಮತ್ತು ಸರ್ಕಾರ ಎರಡೂ ಕಡೆಯವರು ವರ್ಷಗಟ್ಟಲೆ ಬಳಸಿದ್ದರಿಂದ. ತಮಿಳುನಾಡು ಸರ್ಕಾರ 2022ರಲ್ಲಿ ಮದ್ರಾಸ್ ಹೈಕೋರ್ಟಿನ ಸೂಚನೆಯ ಬೆನ್ನಿಗೆ ಈ ಕ್ಷೇತ್ರದ ಪದಪಟ್ಟಿಯನ್ನು ರಾಜ್ಯಪತ್ರದಲ್ಲೇ ಪ್ರಕಟಿಸಿತು. ಕೇರಳದ ಭಾಷಾ ಸಂಸ್ಥೆ ಮಲಯಾಳಂ ಪದಕ್ಕಾಗಿ ಸ್ಪರ್ಧೆಯನ್ನೇ ಏರ್ಪಡಿಸಿ, ಬಂದವುಗಳಲ್ಲಿ ಒಪ್ಪುವಂಥದು ಸಿಗದೆ ಟ್ರಾನ್ಸ್‌ಜೆಂಡರ್ ಎಂಬುದನ್ನೇ ಉಳಿಸಿಕೊಂಡಿತು. ಎರಡೂ ಗೌರವದ ದಾರಿಗಳೇ. ನಾವು ನಾಲ್ಕು ಜನ ಮನೆಯಲ್ಲಿ ಕುಳಿತು ಇನ್ನೊಬ್ಬರಿಗೆ ಹೆಸರಿಟ್ಟು ಸೋಮವಾರದ ಹೊತ್ತಿಗೆ ಕಳಿಸುವುದು ಮಾತ್ರ ಆ ಎರಡರಲ್ಲಿ ಯಾವುದೂ ಅಲ್ಲ.

ಅಚ್ಚಿನವರಿಗೆ ಒಂದು ಮಾತು ತಿಳಿಸಿ. ಫಾಂಟ್ ಬದಲಿಸುವಾಗ ‘ಟ್ರಾನ್ಸ್‌ಜೆಂಡರ್’ ಪದದಲ್ಲಿ ‘ಟ್ರಾನ್ಸ್’ನ ಕೊನೆಯ ಅರ್ಧಾಕ್ಷರ ಮುಂದಿನ ಜಕಾರಕ್ಕೆ ಅಂಟಿಕೊಂಡು ಒತ್ತಕ್ಷರವಾಗಿಬಿಡುತ್ತದೆ, ಆಮೇಲೆ ಓದುವವರ ನಾಲಿಗೆ ಅಲ್ಲೇ ಎಡವುತ್ತದೆ. ಕರಡು ಬಂದಾಗ ಆ ಪದವಿರುವ ಸಾಲುಗಳನ್ನು ನೀವೇ ನೋಡಿ ಸಹಿ ಹಾಕಿ.