‘ಕೂಳೆ’ ಅಂದರೆ ನಿಮ್ಮ ಕಡೆ ಚಿಗುರೋ, ಮೋಟೋ?

ಎಲ್ಲರಿಗೂ ನಮಸ್ಕಾರ.

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕದ ಪ್ರೋಗ್ರಾಮಿಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ನಾಲ್ಕು ದಿನದಿಂದ ಕೆಲಸ ನಿಂತಿದೆ.

ಪ್ರೋಗ್ರಾಮು ಬರೆದದ್ದು ಕ್ಲಿಪ್ಪರ್‌ನಲ್ಲಿ. ಅದು 1985ರಲ್ಲಿ ಬಂದ, ವಿಂಡೋಸ್ ಮನೆಮಾತಾಗುವ ಮೊದಲಿನ ಡಾಸ್ ಕಾಲದ ಪ್ರೋಗ್ರಾಮಿಂಗ್ ಭಾಷೆ. ಚೀಲ, ತೂಕ, ಹಮಾಲಿ, ದಲಾಲಿ ತುಂಬಿದರೆ ಸಾಕು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ಕಿರ್ರನೆ ರೈತನ ಪಟ್ಟಿ ಬರುತ್ತಿತ್ತು. ಹೊಸ ಕಂಪ್ಯೂಟರ್ ತಂದ ದಿನ ಅದು ಏಳಲೇ ಇಲ್ಲ. 64 ಬಿಟ್ ವಿಂಡೋಸ್ ಹಳೆಯ 16 ಬಿಟ್ ಡಾಸ್ ಪ್ರೋಗ್ರಾಮುಗಳನ್ನು ಓಡಿಸುವುದಿಲ್ಲ. ಪುಣ್ಯಕ್ಕೆ ಪ್ರೋಗ್ರಾಮಿನ ಮೂಲ ಸಾಲುಗಳಿರುವ ಪಿಆರ್‌ಜಿ ಫೈಲುಗಳು ಉಳಿದಿದ್ದವು. ಹಾರ್ಬರ್ ಹಾಕಿ ಕಂಪೈಲ್ ಮಾಡಿದೆ, ಅಂದರೆ ಆ ಸಾಲುಗಳನ್ನು ಹೊಸ ಕಂಪ್ಯೂಟರ್ ಓಡಿಸುವ ಪ್ರೋಗ್ರಾಮಾಗಿ ತಿರುಗಿಸಿದೆ. 1999ರಲ್ಲಿ ಶುರುವಾದ ಈ ಓಪನ್ ಸೋರ್ಸ್ ಕಂಪೈಲರು ಕ್ಲಿಪ್ಪರ್ ಸಾಲುಗಳನ್ನು ಸಿ ಭಾಷೆಗೆ ತಿರುಗಿಸಿಕೊಳ್ಳುತ್ತದೆ. ಸಂಜೆಯೊಳಗೆ ಅದೇ ಪಟ್ಟಿ, ಅದೇ ಲೆಕ್ಕ. ನನಗೆ ಕಣ್ಣು ತುಂಬಿ ಬಂತು.

ಈಗ ಹಾರ್ಬರನ್ನು ಕ್ಲಿಪ್ಪರಿನ ಏನು ಅಂತ ಕರೆಯೋಣ? ‘ಉತ್ತರಾಧಿಕಾರಿ’ ಅಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಮೊದಲು ಮಠ ನೆನಪಾಗುತ್ತದೆ. ‘ವಾರಸುದಾರ’ ಅಂದರೆ ಹೊಲದ ಉತಾರ. ಅದಕ್ಕಿಂತ ಜಾಸ್ತಿ ತೊಂದರೆ ಏನೆಂದರೆ, ವಾರಸುದಾರನಿಗೆ ಆಸ್ತಿ ಬರಬೇಕು. ಹಾರ್ಬರಿನವರು ಕ್ಲಿಪ್ಪರ್ ಕಂಪೈಲರಿನ ಕೋಡ್ (ಅದನ್ನು ಬರೆದ ಸಾಲುಗಳು) ತೆಗೆದುಕೊಂಡಿಲ್ಲ, ಎಲ್ಲವನ್ನೂ ಹೊಸದಾಗಿ ಬರೆದರು.

ನನಗೆ ಹೊಳೆದದ್ದು ‘ಕೂಳೆ’. ಕಬ್ಬು ಕಡಿದ ಮೇಲೆ ಅದೇ ಬೇರಿನಿಂದ ಮತ್ತೆ ಏಳುವ ಬೆಳೆ. ಕ್ಲಿಪ್ಪರಿನ ಕಾಲ ಮುಗಿದರೂ ಭಾಷೆ ಮಣ್ಣಲ್ಲೇ ಇತ್ತು, ಅದರಿಂದ ಹಾರ್ಬರ್ ಎದ್ದಿತು. ಇಲ್ಲಿ ಬೇರು ಅಂದರೆ ಭಾಷೆ, ಕೋಡ್ ಅಲ್ಲ. ಟರ್ಬೊ ಪ್ಯಾಸ್ಕಲ್ ಎಂಬ ಹಳೆಯ ಕಂಪೈಲರು ಹೋದ ಮೇಲೂ ಅದರ ಭಾಷೆಯನ್ನು ಉಳಿಸಿಕೊಂಡ ಫ್ರೀ ಪ್ಯಾಸ್ಕಲ್‌ಗೂ ಈ ಪದ ಕೂರುತ್ತದೆ. ಆದರೆ ಕೋಬಾಲ್ ಭಾಷೆಯ ಓಪನ್ ಸೋರ್ಸ್ ಕಂಪೈಲರಾದ ಗ್ನೂಕೋಬಾಲ್‌ಗೆ ಕೂರುವುದಿಲ್ಲ. 1959ರಲ್ಲಿ ಹುಟ್ಟಿದ ಕೋಬಾಲ್ ಇವತ್ತಿಗೂ ಬ್ಯಾಂಕುಗಳಲ್ಲಿ ದುಡಿಯುತ್ತಿದೆ. ಇನ್ನೂ ಕಡಿಯದೆ ಹೊಲದಲ್ಲಿ ನಿಂತಿರುವ ಬೆಳೆಗೆ ಕೂಳೆ ಎಲ್ಲಿಂದ ಬರಬೇಕು? ಹಾರ್ಬರಿನ ಕೋಡಿನಿಂದಲೇ ಕವಲೊಡೆದ ಎಕ್ಸ್‌ಹಾರ್ಬರ್ ಕೂಡ ಕೂಳೆಯಲ್ಲ. ಅದಕ್ಕೆ ‘ಟಿಸಿಲು’ ಸರಿ, ಅಲ್ವಾ?

ತೊಡಕು ಇರುವುದು ಇಲ್ಲಿ. ಜೋಳದ ಹೊಲದಲ್ಲಿ ಕೂಳೆ ಅಂದರೆ ಕೊಯ್ದ ಮೇಲೆ ಉಳಿದ ಮೋಟು. ಹರಗುವಾಗ ಕಾಲಿಗೆ ಚುಚ್ಚುತ್ತದೆ, ಆರಿಸಿ ಬದುವಿಗೆ ಎಸೆಯುತ್ತಾರೆ. ಕಬ್ಬಿನವರಿಗೆ ಚಿಗುರು, ಜೋಳದವರಿಗೆ ಕಸ! ನನ್ನ ಕೈಪಿಡಿ ಓದುವವರಲ್ಲಿ ಜೋಳದವರೇ ಹೆಚ್ಚು.

ಗದಗ, ರೋಣ, ಸವಣೂರು, ರಾಣೆಬೆನ್ನೂರಿನ ಕಡೆಯವರು ದಯವಿಟ್ಟು ಹೇಳಿ. ನಿಮ್ಮ ಮನೆಯಲ್ಲಿ ಜೋಳ ಕೊಯ್ದ ಮೇಲೆ ಬುಡದಿಂದ ಮತ್ತೆ ಬರುವ ಚಿಗುರಿಗೆ ಏನಂತಾರೆ? ಅದಕ್ಕೂ ಕೂಳೆ ಅಂತಾರಾ, ಬೇರೆ ಹೆಸರಿದೆಯಾ? ಹಿರಿಯರನ್ನು ಕೇಳಿ, ಅವರು ಆಡಿದ ಹಾಗೆಯೇ ಬರೆದು ಕಳಿಸಿ.