ಅಪ್‌ಡೇಟ್: ಸೈಬರ್ ಸೆಂಟರ್‌ನಲ್ಲಿ ಲಾಗ್‌ಔಟ್ ಮರೆತವನು ನಾನೇ

ಹೋದ ವಾರ ರೈಲಿನಲ್ಲಿ ಕೂತು ಕೇಳಿದ್ದೆನಲ್ಲ: ಹುಬ್ಬಳ್ಳಿಯ ಸೈಬರ್ ಸೆಂಟರ್‌ನಲ್ಲಿ ಇ-ಆಧಾರ್ ಪ್ರಿಂಟ್ ತೆಗೆದು, ಜಿಮೇಲ್ ಲಾಗ್‌ಔಟ್ ಮಾಡದೆ ಗದಗಕ್ಕೆ ಹೊರಟಿದ್ದೇನೆ, ಏನು ಮಾಡಲಿ ಅಂತ.

ನೀವು ಹೇಳಿದಂತೆ ಫೋನಿನಲ್ಲೇ ಗೂಗಲ್ ಖಾತೆಯ ಸೆಕ್ಯುರಿಟಿ ತೆರೆದೆ. ಡಿವೈಸ್ ಪಟ್ಟಿಯಲ್ಲಿ ನನ್ನದಲ್ಲದ ಒಂದು ವಿಂಡೋಸ್ ಕಂಪ್ಯೂಟರ್ ಆರಾಮಾಗಿ ಕೂತಿತ್ತು! ಸೈನ್‌ಔಟ್ ಒತ್ತಿದೆ, ಪಾಸ್‌ವರ್ಡ್ ಬದಲಿಸಿದೆ, ಎರಡು ಹಂತದ ಪರಿಶೀಲನೆ ಹಾಕಿದೆ. ಅಣ್ಣಿಗೇರಿ ಬರುವಷ್ಟರಲ್ಲಿ ಮುಗಿಯಿತು. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ಕೂಡ ನೋಡಿದೆ, ಅಲ್ಲಿ ಏನೂ ಇರಲಿಲ್ಲ.

ಆದರೆ ಒಂದು ವಿಷಯ ನಾವ್ಯಾರೂ ಯೋಚಿಸಿರಲಿಲ್ಲ. ಸೋಮವಾರ ವಾಪಸ್ ಬಂದಾಗ ಸುಮ್ನೆ ಆ ಅಂಗಡಿಗೆ ಹೋದೆ. "ಯಾಕ್ರೀ ಸರ್, ಮತ್ತ ಪ್ರಿಂಟ್ ಬೇಕೇನ್ರಿ?" ಅಂದ ಹುಡುಗ. ಡೌನ್‌ಲೋಡ್ಸ್ ಫೋಲ್ಡರ್ ತೆಗೆಸಿದರೆ ನನ್ನ ಆಧಾರ್ ಪಿಡಿಎಫ್ ಹಾಗೇ ಇದೆ. ಪಕ್ಕದಲ್ಲಿ ಯಾರದೋ ಮಾರ್ಕ್ಸ್ ಕಾರ್ಡ್, ಯಾರದೋ ಪಾಸ್‌ಬುಕ್ ಫೋಟೋ. ಸೈನ್‌ಔಟ್ ಮಾಡಿದರೆ ಫೈಲ್ ಅಳಿಯಲ್ಲ, ಅಲ್ವಾ? ಇ-ಆಧಾರ್‌ಗೆ ಪಾಸ್‌ವರ್ಡ್ ಇದ್ದರೂ ಅದು ಹೆಸರಿನ ಮೊದಲ 4 ಅಕ್ಷರ ಮತ್ತು ಹುಟ್ಟಿದ ವರ್ಷ. ಗುರುತಿನವರಿಗೆ ಅದೇನು ಕಷ್ಟ!

ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಸಿದೆ. ಹುಡುಗನಿಗೆ ಬೇಜಾರಾಗಲಿಲ್ಲ, ಉಳಿದವರ ಫೈಲ್‌ಗಳನ್ನೂ ಅಳಿಸತೊಡಗಿದ.