ಟಿವಿಗೆ ಬೀಗ ಹಾಕಬೇಕಾ?

‘ನಮ್ಮ ಮನೆಯವರು’ ಗುಂಪು, ಭಾನುವಾರ ಬೆಳಿಗ್ಗೆ

ಮದ್ದೂರು ಚಿಕ್ಕಪ್ಪ: [ಫಾರ್ವರ್ಡ್: ಅನ್‌ಸ್ಕೂಲಿಂಗ್ (ಶಾಲೆಗೆ ಕಳಿಸದೆ ಮಕ್ಕಳನ್ನು ಅವರ ಆಸಕ್ತಿಯಂತೆ ಕಲಿಯಲು ಬಿಡುವ) ಮನೆಗಳಲ್ಲಿ ಟಿವಿಗೆ ಮಿತಿಯಿಲ್ಲ] ಶಾಲೆಯೂ ಬೇಡ, ಟಿವಿಗೆ ಲಗಾಮೂ ಬೇಡ ಅಂತೆ! ಮಕ್ಕಳು ಉದ್ಧಾರ ಆಗ್ತಾರಾ?

ಕುವೆಂಪುನಗರ ಅತ್ತೆ: ನಮ್ಮನೇಲಿ ಅರ್ಧ ಗಂಟೆ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯೇ ಒಂದು ಗಂಟೆ ಮೀರಬಾರದು ಅಂದಿದೆ.

ನಾನು: ಅತ್ತೆ, 2019ರ ಆ ಸಲಹೆ 5 ವರ್ಷದೊಳಗಿನ ಮಕ್ಕಳಿಗೆ. 2ರಿಂದ 4 ವರ್ಷದವರಿಗೆ ಒಂದು ಗಂಟೆ, ಅದಕ್ಕಿಂತ ಚಿಕ್ಕವರಿಗೆ ಬೇಡವೇ ಬೇಡ. ಅದನ್ನು ನಾನೂ ಒಪ್ಪುತ್ತೇನೆ. ನಮ್ಮ ಪುಟ್ಟಿಗೆ ಈಗ ಒಂಬತ್ತು.

ಚಿಕ್ಕಪ್ಪ, ಅನ್‌ಸ್ಕೂಲಿಂಗ್ ಅನ್ನೋ ಮಾತನ್ನು 1977ರಲ್ಲಿ ಬಳಕೆಗೆ ತಂದ ಜಾನ್ ಹೋಲ್ಟ್ ಅಮೆರಿಕದ ಮೇಷ್ಟ್ರು. ಮಕ್ಕಳು ಹೆದರಿಕೊಂಡು ಕೂತರೆ ಕಲಿಯಲ್ಲ ಅನ್ನೋದನ್ನು ತರಗತಿಯಲ್ಲೇ ಕಂಡವರು. ಮಕ್ಕಳನ್ನು ಟಿವಿ ಮುಂದೆ ಕೂರಿಸಿ ನಮ್ಮ ಪಾಡಿಗೆ ನಾವಿರೋದು ಅಂತ ಇದರ ಅರ್ಥ ಅಲ್ಲ.

ಪುಟ್ಟಿ ಟಿವಿಯಲ್ಲಿ ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಬಂದರೆ ಎದ್ದೇಳಲ್ಲ. ನಿಲ್ಲಿಸಿ ನಿಲ್ಲಿಸಿ ಕಾಲು ನೋಡುತ್ತಾಳೆ. ಬಾತುಕೋಳಿ ಥರ ಚರ್ಮ ಕೂಡಿದ ಬೆರಳು. ಅಂಥ ಕಾಲಿನ ಹಕ್ಕಿ ಮರದ ಮೇಲೆ ಹೇಗೆ ಕೂರುತ್ತೆ ಅಂತ ಅವಳ ಪ್ರಶ್ನೆ. ನಿಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋದೆ. ಮನೆಗಳ ನಡುವೆಯೇ ಹುಣಸೆ ಮರ, ಅದರ ಮೇಲೆ ಹೆಜ್ಜಾರ್ಲೆ ಗೂಡು. ಕತ್ತೆತ್ತಿ ನೋಡುತ್ತಾ ನಿಂತವಳು ಊಟಕ್ಕೂ ಬರಲಿಲ್ಲ. ಆಮೇಲೆ ರಂಗನತಿಟ್ಟು. ಅದು 1940ರಲ್ಲಿ ಪಕ್ಷಿಧಾಮ ಆಗೋಕೆ ಪಕ್ಷಿತಜ್ಞ ಸಲೀಂ ಅಲಿ ಕಾರಣ ಅಂತ ಗೊತ್ತಾದ ಮೇಲೆ ಮನೇಲಿ ಅವರದೇ ಮಾತು. ಅರ್ಧ ಗಂಟೆಗೆ ಟಿವಿ ಆರಿಸಿದ್ದರೆ ಆ ಪ್ರಶ್ನೆ ಅಲ್ಲೇ ಸಾಯುತ್ತಿತ್ತು ಅಲ್ವಾ?

ಮದ್ದೂರು ಚಿಕ್ಕಪ್ಪ: ಹಕ್ಕಿ ಸರಿ ಕಣಮ್ಮ. ದಿನವಿಡೀ ಕಾರ್ಟೂನೇ ನೋಡಿದರೆ?

ನಾನು: ಅರ್ಧ ಗಂಟೆ ಮಾತ್ರ ಅಂದರೆ ಮಗು ಇಷ್ಟ ಇರಲಿ ಬಿಡಲಿ, ಅಷ್ಟೂ ಹೊತ್ತು ನೋಡಿಯೇ ಏಳುತ್ತೆ. ನಾಳೆನೂ ಸಿಗುತ್ತೆ ಅಂತ ಗೊತ್ತಿದ್ದರೆ ಬೇಜಾರಾದಾಗ ತಾನೇ ಏಳುತ್ತೆ. ಕಾರ್ಟೂನಾದರೂ ಸುಮ್ನೆ ಬೈಯಬೇಡಿ, ಪಕ್ಕದಲ್ಲಿ ಕೂತು ನೋಡಿ. ಮಲಗುವ ಹೊತ್ತಿಗೆ ಮಾತ್ರ ನಮ್ಮಲ್ಲಿ ಟಿವಿ ಬಂದ್. ಅದು ದೊಡ್ಡವರಿಗೂ ಸೇರಿ.

ಅಕ್ಕ: ಪಕ್ಕ ಕೂರೋಕೆ ನನಗೆ ಹೊತ್ತೆಲ್ಲಿದೆ? ಎಂಟಕ್ಕೆ ಡ್ಯೂಟಿಗೆ ಹೋದರೆ ಬರೋದು ರಾತ್ರಿ.

ನಾನು: ಅದು ನಿಜವಾದ ಕಷ್ಟ ಅಕ್ಕ. ಇದಕ್ಕೆ ದೊಡ್ಡವರ ಸಮಯ ಬೇಕೇ ಬೇಕು. ಊಟಕ್ಕೆ ಕೂತಾಗ, ಎಷ್ಟು ಹೊತ್ತು ನೋಡಿದೆ ಅನ್ನೋ ಬದಲು ಏನು ನೋಡಿದೆ ಅಂತ ಕೇಳು.

ಅಕ್ಕ: ರೈಲು ಬಿಟ್ಟರೆ ಬೇರೆ ಇಲ್ಲ ನನ್ನ ಮಗನಿಗೆ.

ನಾನು: ಹಾಗಾದರೆ ಶನಿವಾರ ನಮ್ಮನೆಗೆ ಕಳಿಸು. ಮೈಸೂರು ಸ್ಟೇಷನ್ ಹತ್ತಿರದ ರೈಲು ಮ್ಯೂಸಿಯಂಗೆ ನಾನು ಕರೆದುಕೊಂಡು ಹೋಗುತ್ತೇನೆ. ಹಳೇ ಉಗಿ ಎಂಜಿನ್‌ಗಳಿವೆ.

ಕುವೆಂಪುನಗರ ಅತ್ತೆ: ನಮ್ಮ ಹುಡುಗನನ್ನೂ ಕರೆದುಕೊಂಡು ಹೋಗು. ಆದರೆ ಮನೇಲಿ ಅರ್ಧ ಗಂಟೆಯೇ.